ವ್ಯಾಯಾಮ ಮತ್ತೆ ಶುರು ಮಾಡಿದ ಮೇಲೆ ತೂಕ ಏಕೆ ಏರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಅಪ್ಪನ ಕೆರೆ ಸುತ್ತ ಬೆಳಗ್ಗೆ ನಡೆಯಲು ಬರುವವರಲ್ಲಿ ಬಹಳ ಮಂದಿ ನಡುವೆ ಬಿಟ್ಟು ಮತ್ತೆ ಶುರು ಮಾಡಿದವರು. ಮಗಳ ಮದುವೆ ಓಡಾಟದಲ್ಲಿ ಎರಡು ತಿಂಗಳು ಬಿಟ್ಟವರು ಇದ್ದಾರೆ. ಚಿಕೂನ್‌ಗುನ್ಯಾ ಬಂದು ಕೀಲು ಹಿಡಿದು ಕೂತವರು ಇದ್ದಾರೆ. ಮೇ ತಿಂಗಳ ಬಿಸಿಲಿಗೆ ಹೆದರಿ ಮನೆಯಲ್ಲೇ ಉಳಿದವರೂ ಇದ್ದಾರೆ. ಶುರು ಮಾಡಿ ಎಂಟು ಹತ್ತು ದಿನ ಆಗುತ್ತಿದ್ದಂತೆ ಎಲ್ಲರದ್ದೂ ಒಂದೇ ಮಾತು: "ದಿನಾ ನಡ್ಯಾಕತ್ತೀನಿ, ಆದ್ರೂ ತೂಕ ಹೆಚ್ಚಾಗ್ಯಾದ. ಯಾಕ್ರೀ?" ಉತ್ತರ ಸಿಗದೆ ಎಷ್ಟೋ ಜನ ಆ ಎರಡನೇ ವಾರದಲ್ಲೇ ಬಿಟ್ಟುಬಿಡುತ್ತಾರೆ. ನಾನೂ ಒಮ್ಮೆ ಹಾಗೆ ಬಿಟ್ಟವಳು. ಇನ್ನೊಬ್ಬರು ಬಿಡಬಾರದು ಅಂತ, ಜನ ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ಒಂದು ವಾರದಲ್ಲಿ ಒಂದೂವರೆ ಕೆಜಿ ಜಾಸ್ತಿ ಆಗಿದೆ. ಇದು ಕೊಬ್ಬಾ?

ಅಲ್ಲ. ಲೆಕ್ಕ ಹಾಕಿ ನೋಡೋಣ. ಒಂದು ಕೆಜಿ ಕೊಬ್ಬು ಮೈಗೆ ಸೇರಬೇಕಾದರೆ ಖರ್ಚಾಗುವುದಕ್ಕಿಂತ ಸುಮಾರು 7,700 ಕ್ಯಾಲರಿ ಹೆಚ್ಚಿಗೆ ತಿನ್ನಬೇಕು. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಇರುವುದು ಸುಮಾರು 170 ಕ್ಯಾಲರಿ. ಅಂದರೆ ಒಂದೂವರೆ ಕೆಜಿ ಕೊಬ್ಬಿಗೆ 65ಕ್ಕಿಂತ ಹೆಚ್ಚು ರೊಟ್ಟಿ ಬೇಕು. ಅದೂ ದಿನಾ ಉಣ್ಣುವ ರೊಟ್ಟಿ ಬಿಟ್ಟು, ಅದರ ಮೇಲೆ. ಒಂದು ವಾರದಲ್ಲಿ ದಿನಕ್ಕೆ ಒಂಬತ್ತು ಹತ್ತು ರೊಟ್ಟಿ ಹೆಚ್ಚಿಗೆ ತಿಂದಿದ್ದೀರಾ? ಇಲ್ಲ ಅಲ್ವಾ? ಹಾಗಾದರೆ ತಕ್ಕಡಿಯಲ್ಲಿ ಕಾಣುತ್ತಿರುವುದು ಬಹುಪಾಲು ನೀರು.

ಇನ್ನೊಂದು ಲೆಕ್ಕವೂ ಇದೆ. ಇದನ್ನು ಯಾರೂ ಹೇಳುವುದಿಲ್ಲ. ಅರ್ಧ ಮುಕ್ಕಾಲು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಹೆಚ್ಚುಕಡಿಮೆ ಒಂದು ರೊಟ್ಟಿಯಷ್ಟೇ, 150 ಕ್ಯಾಲರಿ ಅಂತ ಇಟ್ಟುಕೊಳ್ಳಿ. ಒಂದು ವಾರ ತಪ್ಪದೆ ನಡೆದರೆ ಕರಗುವ ಕೊಬ್ಬು 130–140 ಗ್ರಾಂ. ಅದೇ ವಾರ ಮೈಯಲ್ಲಿ ಒಂದು ಕೆಜಿ ನೀರು ನಿಂತರೆ ತಕ್ಕಡಿ ತೋರಿಸುವುದು ಏರಿಕೆಯನ್ನೇ. ಕೊಬ್ಬು ಕರಗಿದ್ದು ನಿಜ. ನೀರು ಅದನ್ನು ಮುಚ್ಚಿಬಿಟ್ಟಿದೆ, ಅಷ್ಟೇ.

ಹಾಗಾದರೆ ಆ ನೀರು ಎಲ್ಲಿ ಹೋಗಿ ನಿಲ್ಲುತ್ತದೆ?

ಮುಖ್ಯವಾಗಿ ಮೂರು ಕಡೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಅರ್ಥವಾದರೆ ಹೆದರಿಕೆ ಅರ್ಧ ಹೋಗುತ್ತದೆ.

ಮೊದಲನೆಯದು ಮಾಂಸಖಂಡದ ಉಗ್ರಾಣ. ನಾವು ಉಂಡ ರೊಟ್ಟಿ, ಅನ್ನದ ಸಕ್ಕರೆ ಅಂಶವನ್ನು ಮೈ ಗ್ಲೈಕೋಜನ್ ಅನ್ನುವ ರೂಪದಲ್ಲಿ ಮಾಂಸಖಂಡದಲ್ಲಿ ಕೂಡಿಡುತ್ತದೆ. ದೊಡ್ಡವರಲ್ಲಿ ಸುಮಾರು 400 ಗ್ರಾಂನಷ್ಟು ಇರುತ್ತದೆ. ಸುಮ್ಮನೆ ಕೂತವರ ಮೈ ಕಡಿಮೆ ಕೂಡಿಡುತ್ತದೆ. ಮತ್ತೆ ನಡೆಯಲು, ಭಾರ ಎತ್ತಲು ಶುರು ಮಾಡಿದ ಕೂಡಲೇ "ಇವರಿಗೆ ನಾಳೆಯೂ ಬೇಕಾಗುತ್ತದೆ" ಅಂತ ಹೆಚ್ಚಿಗೆ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನು ಹಿಡಿದುಕೊಳ್ಳುತ್ತದೆ. 150 ಗ್ರಾಂ ಹೆಚ್ಚಿಗೆ ಕೂಡಿಟ್ಟರೆ 450 ಗ್ರಾಂ ನೀರೂ ಸೇರಿತು. ಒಟ್ಟು 600 ಗ್ರಾಂ. ಜೋಳದ ಹಿಟ್ಟಿಗೆ ಎಸರು ಹಾಕಿ ನಾದುವುದನ್ನು ನೆನೆಸಿಕೊಳ್ಳಿ. ನಾದಿದ ಮುದ್ದೆ ಒಣ ಹಿಟ್ಟಿಗಿಂತ ಭಾರ. ಹಾಗಂತ ಹಿಟ್ಟು ಹೆಚ್ಚಾಯಿತು ಅಂತ ಯಾರೂ ಅನ್ನುವುದಿಲ್ಲ.

ಎರಡನೆಯದು ನೋಯುತ್ತಿರುವ ಜಾಗ. ಅಭ್ಯಾಸ ತಪ್ಪಿದ ಮಾಂಸಖಂಡಕ್ಕೆ ಕೆಲಸ ಕೊಟ್ಟರೆ ಅದರ ಎಳೆಗಳಲ್ಲಿ ಸಣ್ಣ ಸಣ್ಣ ಸೀಳು ಬೀಳುತ್ತವೆ. ಅದನ್ನು ರಿಪೇರಿ ಮಾಡಲು ಮೈ ಅಲ್ಲಿಗೆ ರಕ್ತ ಮತ್ತು ನೀರು ಕಳಿಸುತ್ತದೆ. ಅದಕ್ಕೇ ತೊಡೆ, ಮೀನಖಂಡ ಬಾತಂತೆ ಬಿಗಿಯಾಗಿರುತ್ತವೆ. ಈ ನೋವು ಅವತ್ತೇ ಬರುವುದಿಲ್ಲ. ಒಂದರಿಂದ ಮೂರು ದಿನದೊಳಗೆ ಜೋರಾಗುತ್ತದೆ. ಮಾಳಿಗೆ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಹೆಚ್ಚು ನೋವು ತರುತ್ತದೆ, ಗಮನಿಸಿದ್ದೀರಾ? ಇಳಿಯುವಾಗ ತೊಡೆಯ ಮಾಂಸಖಂಡ ಉದ್ದವಾಗುತ್ತಲೇ ಮೈ ಭಾರ ತಡೆಯಬೇಕು. ಎಳೆಗಳಿಗೆ ಪೆಟ್ಟಾಗುವುದು ಅಂಥ ಕೆಲಸದಲ್ಲೇ ಜಾಸ್ತಿ. ಒಂದು ಸಮಾಧಾನ ಅಂದರೆ, ಅದೇ ವ್ಯಾಯಾಮ ಎರಡನೇ ಸಲ, ಮೂರನೇ ಸಲ ಮಾಡಿದಾಗ ಪೆಟ್ಟು ಬಹಳ ಕಡಿಮೆ. ಬಾವೂ ಕಡಿಮೆ.

ಮೂರನೆಯದು ರಕ್ತ. ರಕ್ತದ ನೀರಿನ ಭಾಗಕ್ಕೆ ಪ್ಲಾಸ್ಮಾ ಅನ್ನುತ್ತಾರೆ, ಅದು ಸುಮಾರು 3 ಲೀಟರ್ ಇರುತ್ತದೆ. ದಿನಾ ಬೆವರು ಸುರಿಯುವಂತೆ ನಡೆದರೆ ಕೆಲವೇ ದಿನಗಳಲ್ಲಿ ಮೈ ಈ ಪ್ಲಾಸ್ಮಾವನ್ನು ಹೆಚ್ಚಿಸಿಕೊಳ್ಳುತ್ತದೆ. ಅದಕ್ಕಾಗಿ ಮೂತ್ರಪಿಂಡಗಳು ಉಪ್ಪು, ನೀರನ್ನು ಹಿಡಿದಿಡುತ್ತವೆ. ಶೇಕಡಾ 10ರಷ್ಟು ಹೆಚ್ಚಾದರೂ 300 ಮಿಲಿ ಆಯಿತು. ಬಿಸಿಲಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಇದು ಒಳ್ಳೆಯ ನೀರು. ಇದು ಹೆಚ್ಚಾದರೆ ಹೃದಯಕ್ಕೆ ಕೆಲಸ ಹಗುರ, ಬೆವರು ಬೇಗ ಬರುತ್ತದೆ, ಮೈ ಬೇಗ ತಣಿಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಇದು ಬೇಡ ಅನ್ನುವ ಮಾತೇ ಇಲ್ಲ. ಈ ಸಮಯದಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಕಾಣಬಹುದು. ರಕ್ತ ತುಸು ತೆಳುವಾಗಿರುತ್ತದೆ, ಅದಕ್ಕೆ. ವ್ಯಾಯಾಮ ಈಗಷ್ಟೇ ಶುರು ಮಾಡಿದ್ದೇನೆ ಅಂತ ಡಾಕ್ಟರ್‌ಗೆ ತಿಳಿಸಿ.

ಒಂದು ವಾರದಲ್ಲಿ ಮಾಂಸಖಂಡ ಬೆಳೆದು ತೂಕ ಏರಿರಬಹುದಾ?

ಇಲ್ಲ. ಮಾಂಸಖಂಡ ಅಷ್ಟು ಬೇಗ ಬೆಳೆಯುವುದಿಲ್ಲ, ಅದಕ್ಕೆ ತಿಂಗಳುಗಳು ಬೇಕು. ಸಮಾಧಾನಕ್ಕೆ ಹಾಗೆ ಹೇಳುವವರಿದ್ದಾರೆ, ನಂಬಬೇಡಿ.

ನಿಮಗೂ ಹೀಗೆ ಆಗಿತ್ತು ಅಂದಿರಿ. ಏನು ಮಾಡಿದಿರಿ?

ಕಾಲು ಜಾರಿ ಬಿದ್ದು ಪಾದದ ಮೂಳೆ ಮುರಿದಿತ್ತು. ನಾಲ್ಕು ತಿಂಗಳು ನಡಿಗೆ ನಿಂತುಹೋಯಿತು. ಮತ್ತೆ ಶುರು ಮಾಡಿದಾಗ ಬಹಳ ಹುರುಪು. ಬೆಳಗ್ಗೆ ಕೆರೆ ಸುತ್ತ ನಡಿಗೆ, ಸಂಜೆ ಮನೆಯಲ್ಲಿ ಬೈಠಕ್. ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ, ತೂಕವನ್ನೂ ಬರೆಯುತ್ತಿದ್ದೆ. 68.2, ಎರಡು ದಿನಕ್ಕೆ 68.9, ಆಮೇಲೆ 69.6. ಎಂಟನೇ ದಿನ 70.1. ಆ ಅಂಕಿ ಬರೆದು ಪೆನ್ನು ಅಲ್ಲೇ ಇಟ್ಟೆ. ಪರಿಚಯದವರೊಬ್ಬರು "ನಿನ್ನ ಮೈಗೆ ವ್ಯಾಯಾಮ ಒಗ್ಗೂದಿಲ್ಲ, ಬಿಡು" ಅಂದರು. ಬಿಟ್ಟೆ. ಐದು ವಾರ.

ಆಗ ಗಮನಿಸದೇ ಇದ್ದ ಒಂದು ಸಂಗತಿ ಇದೆ. ಆ ಎಂಟು ದಿನವೂ ಚೂಡಿದಾರದ ಲಾಡಿ ಅದೇ ಗಂಟಿನಲ್ಲೇ ಇತ್ತು. ಹೊಟ್ಟೆ ದಪ್ಪ ಆಗಿದ್ದರೆ ಅದು ಬಿಗಿಯಾಗಬೇಕಿತ್ತಲ್ಲ?

ಎರಡನೇ ಸಲ ಶುರು ಮಾಡಿದಾಗ ಹೊಲಿಗೆ ಡಬ್ಬಿಯಿಂದ ದರ್ಜಿ ಟೇಪು ತೆಗೆದು ಸೊಂಟದ ಅಳತೆಯನ್ನೂ ಬರೆದಿಟ್ಟೆ. ಆ ಸಲವೂ ತೂಕ ಏರಿತು, 1.3 ಕೆಜಿ. 19ನೇ ದಿನಕ್ಕೆ ಮೊದಲಿದ್ದಲ್ಲಿಗೆ ಬಂತು. ತಿಂಗಳು ತುಂಬುವಾಗ ಅದಕ್ಕಿಂತ ಕೆಳಗೆ ಇಳಿದಿತ್ತು, ಸೊಂಟ 2 ಸೆಂ.ಮೀ. ಕಡಿಮೆ ಆಗಿತ್ತು. ಬಿಟ್ಟ ಆ ಐದು ವಾರದ ಬಗ್ಗೆ ಈಗಲೂ ಬೇಜಾರಿದೆ.

ಈ ನೀರು ಎಷ್ಟು ದಿನಕ್ಕೆ ಇಳಿಯುತ್ತದೆ?

ನೋವಿನ ಜೊತೆ ಬಂದ ಬಾವು ಒಂದು ವಾರದೊಳಗೆ ಇಳಿಯುತ್ತದೆ. ಒಟ್ಟು ತೂಕ ಒಂದು ಹದಕ್ಕೆ ಬರಲು ಬಹಳ ಜನರಿಗೆ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಗ್ಲೈಕೋಜನ್ ಜೊತೆಗಿನ ನೀರು, ರಕ್ತದಲ್ಲಿ ಹೆಚ್ಚಾದ ನೀರು ನೀವು ವ್ಯಾಯಾಮ ಮಾಡುವವರೆಗೂ ಸ್ವಲ್ಪ ಇದ್ದೇ ಇರುತ್ತದೆ. ಅದನ್ನು ಓಡಿಸಬೇಕಾಗಿಲ್ಲ. ಅದು ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಕೊಬ್ಬು ಕರಗುವುದು ತಕ್ಕಡಿಯಲ್ಲೂ ಕಾಣತೊಡಗುತ್ತದೆ.

ನೀರು ಕುಡಿಯುವುದು ಕಡಿಮೆ ಮಾಡಿದರೆ ಬೇಗ ಇಳಿಯುತ್ತಾ?

ದಯವಿಟ್ಟು ಹಾಗೆ ಮಾಡಬೇಡಿ. ನೀರು ಕಡಿಮೆ ಆದರೆ ಮೈ ಇರುವ ನೀರನ್ನೇ ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಮೂತ್ರ ಗಾಢ ಹಳದಿ ಆಗುತ್ತದೆ. ನಮ್ಮ ಬಿಸಿಲಿನಲ್ಲಿ ಅದರ ಮುಂದಿನ ಹಂತ ತಲೆಸುತ್ತು, ಕಾಲು ಸೆಳೆತ, ಉಷ್ಣಾಘಾತ. ಬಾಯಾರಿದಾಗ ಕುಡಿಯಿರಿ, ನಡಿಗೆಗೆ ಮೊದಲು ಮತ್ತು ಆಮೇಲೆ ಒಂದೊಂದು ಲೋಟ ಕುಡಿಯಿರಿ. ಮೂತ್ರ ತಿಳಿ ಹಳದಿ ಇದ್ದರೆ ಸಾಕಷ್ಟು ಕುಡಿಯುತ್ತಿದ್ದೀರಿ ಅಂತ ಅರ್ಥ. ಹಾಗಂತ ಒಂದೇ ಉಸಿರಿಗೆ ಎರಡು ಮೂರು ಲೀಟರ್ ಕುಡಿಯುವುದೂ ಒಳ್ಳೆಯದಲ್ಲ, ರಕ್ತದ ಸೋಡಿಯಂ ಕುಸಿಯುತ್ತದೆ. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದು, ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟರ್ ಹೇಳಿದ್ದರೆ ಅವರ ಮಾತೇ ಕೊನೆ.

ಉಪ್ಪು ಬಿಟ್ಟರೆ?

ಪೂರ್ತಿ ಬಿಡಬೇಕಿಲ್ಲ, ಹತೋಟಿ ಬೇಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚದಷ್ಟು. ಅಡುಗೆ, ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ ಅಷ್ಟು. ಜೋಳದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ, ಅದು ನಮ್ಮ ಪುಣ್ಯ. ಉಪ್ಪು ಬರುವುದು ಪಕ್ಕದಲ್ಲಿ ಹಚ್ಚಿಕೊಳ್ಳುವುದರಿಂದ. ಶೇಂಗಾ ಹಿಂಡಿ, ಕೆಂಪು ಖಾರ, ಮಾವಿನಕಾಯಿ ಉಪ್ಪಿನಕಾಯಿ. ಸಂಜೆ ಚುರುಮುರಿ, ಮಿರ್ಚಿ ಭಜಿ ತಿಂದರೆ ಮರುದಿನ ಬೆಳಗ್ಗೆ ಅರ್ಧ ಕೆಜಿ ಏರಿರುವುದು ಮಾಮೂಲು. ಆ ಉಪ್ಪು ಮೂತ್ರದಲ್ಲಿ ಹೊರಗೆ ಹೋಗುವವರೆಗೂ ನೀರು ನಿಂತಿರುತ್ತದೆ, ಒಂದೆರಡು ದಿನದಲ್ಲಿ ಸರಿಹೋಗುತ್ತದೆ.

ತುಂಬಾ ಬೆವರುವ ದಿನ ಒಂದು ಲೋಟ ತೆಳು ಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕಿ ಕುಡಿದರೆ ತಪ್ಪೇನಿಲ್ಲ. ಬಿ.ಪಿ. ಇರುವವರು ಮಾತ್ರ ಕೇಳಿಕೊಂಡು ಮಾಡಿ.

ನೀರಿಳಿಸುವ ಗುಳಿಗೆ, ಬೆವರಿಳಿಸುವ ಪ್ಲಾಸ್ಟಿಕ್ ಜಾಕೆಟ್?

ಎರಡೂ ಬೇಡ. ನೀರಿಳಿಸುವ ಗುಳಿಗೆ ಹೃದಯ, ಕಿಡ್ನಿ ರೋಗಿಗಳಿಗೆ ಡಾಕ್ಟರ್ ಅಳೆದು ಕೊಡುವ ಔಷಧ. ಸುಮ್ನೆ ನುಂಗಿದರೆ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ಏರುಪೇರಾಗಬಹುದು. ಜಾಕೆಟ್‌ನಿಂದ ಇಳಿಯುವುದು ಬೆವರು ಮಾತ್ರ, ಕೊಬ್ಬಲ್ಲ. ಎರಡು ಲೋಟ ನೀರು ಕುಡಿದ ಕೂಡಲೇ ತೂಕ ವಾಪಸ್. ನಮ್ಮ ಬೇಸಿಗೆಯಲ್ಲಿ ಅದನ್ನು ಹಾಕಿಕೊಂಡು ಓಡುವುದು ಜೀವದ ಜೊತೆ ಆಟ.

ಮೈಕೈ ನೋವಿಗೆ ಪೇನ್‌ಕಿಲ್ಲರ್ ತಗೋಬಹುದಾ?

ಐಬುಪ್ರೊಫೇನ್, ಡೈಕ್ಲೋಫೆನಾಕ್ ತರಹದ ಗುಳಿಗೆಗಳು ಮೂತ್ರಪಿಂಡ ಉಪ್ಪು, ನೀರನ್ನು ಹಿಡಿದಿಡುವಂತೆ ಮಾಡುತ್ತವೆ. ನೋವು ಇಳಿಯುತ್ತದೆ, ತೂಕ ಏರುತ್ತದೆ. ಮೈಯಲ್ಲಿ ನೀರು ಕಡಿಮೆ ಇದ್ದಾಗ ಇವು ಕಿಡ್ನಿಗೆ ಇನ್ನೂ ಭಾರ. ಮೊದಲ ವಾರದ ನೋವಿಗೆ ನಿಧಾನ ನಡಿಗೆ, ಬೆಚ್ಚಗಿನ ನೀರಿನ ಸ್ನಾನ, ಒಳ್ಳೆ ನಿದ್ದೆ ಸಾಕಾಗುತ್ತದೆ. ನಿದ್ದೆಯನ್ನು ಹಗುರವಾಗಿ ನೋಡಬೇಡಿ, ಮಾಂಸಖಂಡ ರಿಪೇರಿ ಆಗಲು ಅದು ಬೇಕೇ ಬೇಕು.

ಬೇರೆ ಕಾಯಿಲೆಗೆ ತೆಗೆದುಕೊಳ್ಳುವ ಗುಳಿಗೆಗಳನ್ನೂ ನೋಡಿ. ಬಿ.ಪಿ.ಯ ಆಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಬಾಯುತ್ತದೆ. ಸಕ್ಕರೆ ಕಾಯಿಲೆಯ ಪಯೋಗ್ಲಿಟಾಝೋನ್, ಸ್ಟೆರಾಯ್ಡ್ ಗುಳಿಗೆಗಳಿಂದಲೂ ನೀರು ನಿಲ್ಲುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರ್‌ಗೆ ಹೇಳಿ.

ಮುಟ್ಟಿನ ಮುಂಚೆ ತೂಕ ಏರುತ್ತದೆ. ಅದೂ ಇದೂ ಒಂದೇನಾ?

ಕಾರಣ ಬೇರೆ, ಕಾಣುವುದು ಒಂದೇ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಹಾರ್ಮೋನು ಏರಿಳಿತದಿಂದ ಬಹಳ ಹೆಣ್ಣುಮಕ್ಕಳಿಗೆ ಒಂದೆರಡು ಕೆಜಿವರೆಗೂ ನೀರು ನಿಲ್ಲುತ್ತದೆ. ಮುಟ್ಟು ಶುರುವಾದ ಕೆಲವು ದಿನಕ್ಕೆ ಇಳಿಯುತ್ತದೆ. ಅದೇ ವಾರ ವ್ಯಾಯಾಮವನ್ನೂ ಶುರು ಮಾಡಿದ್ದರೆ ಎರಡೂ ಸೇರಿ ತಕ್ಕಡಿ ಹೆದರಿಸುತ್ತದೆ. ಈ ತಿಂಗಳ ಹತ್ತನೇ ದಿನದ ತೂಕವನ್ನು ಮುಂದಿನ ತಿಂಗಳ ಹತ್ತನೇ ದಿನದ ಜೊತೆ ಹೋಲಿಸಿ. ಇಲ್ಲಿ ದಿನ ಅಂದರೆ ಮುಟ್ಟಿನ ಲೆಕ್ಕದ ದಿನ, ತಾರೀಖಲ್ಲ.

ತೂಕ ನೋಡುವ ಸರಿಯಾದ ಕ್ರಮ ಯಾವುದು?

ಬೆಳಗ್ಗೆ ಎದ್ದು, ಶೌಚ ಮುಗಿಸಿ, ಏನೂ ತಿನ್ನದೆ ಕುಡಿಯದೆ, ಒಂದೇ ತರಹದ ಬಟ್ಟೆಯಲ್ಲಿ ನೋಡಿ.

ತಕ್ಕಡಿ ಇಡುವ ಜಾಗವೂ ಮುಖ್ಯ. ನಮ್ಮ ಕಡೆ ಬಹಳ ಮನೆಗಳಲ್ಲಿ ಶಹಾಬಾದಿ ಪರ್ಸಿ ಹಾಸಿರುತ್ತಾರೆ. ಹಳೆ ಪರ್ಸಿ ಎಲ್ಲ ಒಂದೇ ಮಟ್ಟ ಇರುವುದಿಲ್ಲ. ತಕ್ಕಡಿಯ ನಾಲ್ಕು ಕಾಲಿನಲ್ಲಿ ಒಂದು ಎರಡು ಕಲ್ಲುಗಳ ಸಂದಿಗೆ ಬಿದ್ದರೆ ಅಂಕಿ ಬೇರೆಯೇ ಬರುತ್ತದೆ. ನಮ್ಮ ಮನೆಯಲ್ಲಿ ಅದೇ ತಕ್ಕಡಿಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದರೆ 700 ಗ್ರಾಂ ವ್ಯತ್ಯಾಸ ಬರುತ್ತಿತ್ತು. ಈಗ ಒಂದೇ ಪರ್ಸಿಯ ನಡುವೆ ಸೀಮೆಸುಣ್ಣದಿಂದ ನಾಲ್ಕು ಗುರುತು ಹಾಕಿ, ಅಲ್ಲೇ ಇಡುತ್ತೇವೆ.

ದಿನಾ ನೋಡಿದರೆ ತಲೆ ಕೆಡುತ್ತದೆ ಅನ್ನುವವರು ವಾರಕ್ಕೊಮ್ಮೆ ನೋಡಿ. ದಿನಾ ನೋಡುವವರು ಏಳು ದಿನದ ಅಂಕಿ ಕೂಡಿಸಿ ಏಳರಿಂದ ಭಾಗಿಸಿ, ಆ ಸರಾಸರಿಯನ್ನು ಹಿಂದಿನ ವಾರದ ಸರಾಸರಿ ಜೊತೆ ಹೋಲಿಸಿ. ಜೊತೆಗೆ ಹದಿನೈದು ದಿನಕ್ಕೊಮ್ಮೆ ಸೊಂಟದ ಅಳತೆ. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಅಪಾಯ ಹೆಚ್ಚು ಅನ್ನುತ್ತಾರೆ. ನನ್ನನ್ನು ಕೇಳಿದರೆ ತಕ್ಕಡಿಗಿಂತ ಟೇಪನ್ನೇ ಹೆಚ್ಚು ನಂಬಿ.

ಶ್ರಾವಣ ಸೋಮವಾರದ ಉಪವಾಸದ ಮರುದಿನ ತೂಕ ಇಳಿದಿರುತ್ತದೆ, ಎರಡೇ ದಿನಕ್ಕೆ ವಾಪಸ್ ಬರುತ್ತದೆ. ಯಾಕೆ?

ಇಳಿದದ್ದೂ ನೀರೇ, ಬಂದದ್ದೂ ನೀರೇ. ಉಪವಾಸದಲ್ಲಿ ಗ್ಲೈಕೋಜನ್ ಖರ್ಚಾಗುತ್ತದೆ, ಜೊತೆಗಿದ್ದ ನೀರೂ ಹೋಗುತ್ತದೆ, ಹೊಟ್ಟೆಯೂ ಖಾಲಿ. ಮತ್ತೆ ಉಂಡಾಗ ಎಲ್ಲ ತುಂಬಿಕೊಳ್ಳುತ್ತದೆ. ರಂಜಾನ್ ರೋಜಾ ಮುಗಿದ ಮೇಲೆ ಆಗುವ ಏರಿಕೆಯಲ್ಲೂ ಇದರದ್ದೇ ದೊಡ್ಡ ಪಾಲು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಉಂಡು ಬಂದ ಮರುದಿನ ತೂಕ ನೋಡಲೇಬೇಡಿ. ಹೊಟ್ಟೆಯಲ್ಲಿರುವ ಊಟಕ್ಕೂ ತೂಕ ಇದೆ. ಹಬ್ಬದ ಊಟವನ್ನು ಸಂತೋಷವಾಗಿ ಉಣ್ಣಿ.

ರೊಟ್ಟಿ ಅನ್ನ ಎಲ್ಲ ಬಿಟ್ಟು ಮೊದಲ ವಾರದಲ್ಲೇ ಎರಡು ಮೂರು ಕೆಜಿ ಇಳಿಸಿದೆ ಅನ್ನುವವರದ್ದೂ ಇದೇ ಕತೆ, ಹೆಚ್ಚಿನ ಪಾಲು ನೀರು.

ಮಗ ಜಿಮ್‌ಗೆ ಸೇರಿ ಕ್ರಿಯೇಟಿನ್ ಪುಡಿ ಕುಡಿಯುತ್ತಿದ್ದಾನೆ. ಒಂದೇ ವಾರಕ್ಕೆ ಎರಡು ಕೆಜಿ ಏರಿದೆ.

ಕ್ರಿಯೇಟಿನ್ ಮಾಂಸಖಂಡದೊಳಗೆ ನೀರು ಎಳೆದುಕೊಳ್ಳುತ್ತದೆ. ಮೊದಲ ವಾರದಲ್ಲಿ ಒಂದೆರಡು ಕೆಜಿ ಏರುವುದು ಎಲ್ಲ ಕಡೆ ಕಾಣುವ ವಿಷಯ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರ್ ಕೇಳದೆ ಮುಟ್ಟಬಾರದು. ಬಿಲ್ಲು, ಸೀಲು ಇಲ್ಲದ ಡಬ್ಬಿಯ ಪುಡಿ ಯಾವುದೂ ಬೇಡ.

ಯಾವಾಗ ಇದು ಮಾಮೂಲಿ ನೀರಲ್ಲ ಅಂತ ತಿಳಿಯಬೇಕು?

ಈ ಉತ್ತರವನ್ನು ಮನೆಯ ಹಿರಿಯರಿಗೂ ಓದಿ ಹೇಳಿ.

ಒಂದೇ ದಿನದಲ್ಲಿ ಒಂದು ಕೆಜಿಗಿಂತ ಹೆಚ್ಚು ಅಥವಾ ವಾರದಲ್ಲಿ ಎರಡು ಕೆಜಿಗಿಂತ ಹೆಚ್ಚು ಏರಿ, ಜೊತೆಗೆ ಉಬ್ಬಸ ಬಂದರೆ, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾದರೆ, ಅದು ಹೃದಯದ ಮಾತು. ತಡ ಮಾಡಬೇಡಿ. ಹೃದಯಕ್ಕೆ ನಮ್ಮ ಊರಲ್ಲೇ ಜಯದೇವ ಆಸ್ಪತ್ರೆ ಇದೆ, ಬೆಂಗಳೂರು, ಹೈದರಾಬಾದ್ ಅಂತ ಯೋಚಿಸುತ್ತ ಕೂರಬೇಡಿ. ಎದೆನೋವು, ಉಸಿರಾಟದ ತೊಂದರೆ ಇದ್ದರೆ ನೇರ 108ಕ್ಕೆ ಫೋನ್ ಮಾಡಿ.

ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿಂದ ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಹಿಡಿಯಿರಿ. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿದರೆ ತೋರಿಸಿಕೊಳ್ಳಿ. ಬೆಳಗ್ಗೆ ಏಳುವಾಗ ಕಣ್ಣಿನ ಸುತ್ತ ಬಾವು, ಮೂತ್ರದಲ್ಲಿ ನೊರೆ ಇದ್ದರೆ ಕಿಡ್ನಿ ಪರೀಕ್ಷೆ ಆಗಬೇಕು. ಒಂದೇ ಕಾಲು ಬಾತು, ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅಂಥ ಕಾಲನ್ನು ತಿಕ್ಕಿಸಬೇಡಿ, ಎಣ್ಣೆ ಹಚ್ಚಿ ನೀವಿಸಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನೊಂದು, ಹುಡುಗರಿಗೆ. ಮೊದಲ ದಿನವೇ ಹಟಕ್ಕೆ ಬಿದ್ದು ನೂರಾರು ಬೈಠಕ್ ಹೊಡೆದು, ಎರಡು ದಿನದಲ್ಲಿ ತಡೆಯಲಾಗದ ನೋವು ಬಂದು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಮಾಂಸಖಂಡ ಒಡೆದು ಅದರ ಅಂಶ ಕಿಡ್ನಿಗೆ ಹೋಗುತ್ತಿದೆ ಅಂತ ಅರ್ಥ. ಇದು ತುರ್ತು. ಬಿಸಿಲಲ್ಲಿ, ನೀರು ಕಡಿಮೆ ಕುಡಿದಾಗ ಇದರ ಭಯ ಜಾಸ್ತಿ.

ಮತ್ತೆ ಶುರು ಮಾಡುವಾಗ ಎಷ್ಟು ಮಾಡಬೇಕು?

ಬಿಟ್ಟಾಗ ಎಷ್ಟು ಮಾಡುತ್ತಿದ್ದಿರೋ ಅದರ ಅರ್ಧ. ಮೊದಲ ವಾರ 20 ನಿಮಿಷ ನಡಿಗೆ ಸಾಕು, ವಾರಕ್ಕೆ ಐದೈದು ನಿಮಿಷ ಹೆಚ್ಚಿಸಿ. ವಾರಕ್ಕೆ ಒಟ್ಟು 150 ನಿಮಿಷ ಚುರುಕು ನಡಿಗೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಗುರಿ, ಎರಡು ತಿಂಗಳಲ್ಲಿ ಆರಾಮವಾಗಿ ಅಲ್ಲಿಗೆ ಮುಟ್ಟಬಹುದು. ಬೈಠಕ್, ಭಾರ ಎತ್ತುವುದು ವಾರಕ್ಕೆ ಎರಡು ದಿನ, ನಡುವೆ ಬಿಡುವು ಇರಲಿ. ಬೇಸಿಗೆಯಲ್ಲಿ ಬೆಳಗ್ಗೆ ಏಳರೊಳಗೆ ಮುಗಿಸಿ. ನಿಧಾನವಾಗಿ ಶುರು ಮಾಡಿದವರಿಗೆ ನೋವೂ ಕಡಿಮೆ, ನಿಲ್ಲುವ ನೀರೂ ಕಡಿಮೆ.

ನಡೆದು ಬಂದಾಗ ಬೆರಳು ಬಾತು ಉಂಗುರ ಬಿಗಿಯಾಗುತ್ತದೆ. ಇದೂ ಅದೇ ನೀರಾ?

ಇದು ಬೇರೆ, ಇನ್ನೂ ಚಿಕ್ಕದು. ಮೈ ಬಿಸಿಯಾದಾಗ ಶಾಖ ಹೊರಹಾಕಲು ಚರ್ಮದ ರಕ್ತನಾಳಗಳು ಅಗಲವಾಗುತ್ತವೆ. ಕೈ ಇಳಿಬಿಟ್ಟು ನಡೆಯುವುದರಿಂದ ಬೆರಳಲ್ಲಿ ಸ್ವಲ್ಪ ನೀರು ಸೇರುತ್ತದೆ. ನಡೆಯುವಾಗ ಆಗಾಗ ಮುಷ್ಟಿ ಕಟ್ಟಿ ಬಿಡಿ, ಒಂದೆರಡು ಸಲ ಕೈ ಮೇಲೆತ್ತಿ. ಮನೆಗೆ ಬಂದು ತಣ್ಣಗಾದ ಮೇಲೆ ಒಂದು ಗಂಟೆಯೊಳಗೆ ಇಳಿಯುತ್ತದೆ. ಉಂಗುರ ಬಿಗಿ ಇರುವವರು ನಡೆಯಲು ಹೊರಡುವ ಮುಂಚೆಯೇ ತೆಗೆದು ದೇವರ ಮನೆಯಲ್ಲಿ ಇಟ್ಟು ಹೋಗಿ.